ಹಳೆಯ ಪಿಕಪ್ ವಾಹನ: ದೋಷ ಪಂಪಿನದೋ, ವಿದ್ಯುತ್ತಿನದೋ?

ಶಹಾಬಾದಿನ ಫರ್ಸಿ ಪಾಲಿಶ್ ಘಟಕಗಳಿಗೂ, ಸೇಡಂ ಮತ್ತು ಚಿಂಚೋಳಿ ಭಾಗದ ತೊಗರಿ ವರ್ತಕರಿಗೂ, ವಾಡಿ ಹಾಗೂ ಚಿತ್ತಾಪುರದ ಸಿಮೆಂಟ್ ಅಂಗಡಿಕಾರರಿಗೂ ಸಮಾನವಾದ ಆಸ್ತಿ ಯಾವುದಾದರೂ ಇದ್ದರೆ ಅದು ಹತ್ತು ಹದಿನೈದು ವರ್ಷ ದುಡಿದ ಪಿಕಪ್ ವಾಹನ. ದೊಡ್ಡ ಕಾರ್ಖಾನೆಗೆ ಒಂದು ಲಾರಿ ನಿಂತರೆ ಇನ್ನೊಂದು ಇರುತ್ತದೆ. ಸಣ್ಣ ಉದ್ದಿಮೆದಾರನಿಗೆ ಇರುವುದೇ ಒಂದು ವಾಹನ. ಅದು ನಿಂತ ದಿನ ಬಾಡಿಗೆಯ ವಾಹನ ತರಿಸಬೇಕು, ಇಲ್ಲವೇ ಗಿರಾಕಿಗೆ ಕೊಟ್ಟ ಮಾತು ತಪ್ಪಬೇಕು.

ಇಂಥ ವಾಹನ ದಾರಿಯಲ್ಲಿ ನಿಂತಾಗ ಹೆಚ್ಚಾಗಿ ಕೇಳಿಬರುವ ತೀರ್ಪು ಒಂದೇ: ‘ಪಂಪ್ ಹೋಗಿದೆ’. ಪಂಪನ್ನು ಬಿಚ್ಚಿ ದುರಸ್ತಿಗೆ ಕಳುಹಿಸಲಾಗುತ್ತದೆ, ಹಲವು ಸಾವಿರ ರೂಪಾಯಿ ವೆಚ್ಚವಾಗುತ್ತದೆ, ಮೂರು ನಾಲ್ಕು ದಿನ ಕೆಲಸ ಕೆಡುತ್ತದೆ. ಮರಳಿ ಜೋಡಿಸಿದ ಮೇಲೆ ವಾಹನ ಎರಡು ದಿನ ಓಡಿ ಮತ್ತೆ ಹಾಗೆಯೇ ನಿಂತರೆ ದೋಷ ಪಂಪಿನಲ್ಲಿರಲಿಲ್ಲವೆಂದು ತಿಳಿಯಬೇಕು. ಪಂಪಿಗೆ ಬರುವ ಮುಂಚಿನ ಡೀಸೆಲ್ ಮಾರ್ಗದಲ್ಲಿ, ಅಥವಾ ಪಂಪನ್ನು ತೆರೆದಿಡುವ ಒಂದು ತಂತಿಯಲ್ಲಿ ಅದು ಮೊದಲಿನಿಂದಲೂ ಇದ್ದಿರಬಹುದು. ಕೆಲವು ನೂರು ರೂಪಾಯಿಯ ಮಲ್ಟಿಮೀಟರ್, ಒಂದು ಟೆಸ್ಟ್ ಲ್ಯಾಂಪ್, ಎರಡು ಮೂರು ಅಡಿ ಪಾರದರ್ಶಕ ಪೈಪು ಮತ್ತು ಐದು ಲೀಟರಿನ ಒಂದು ಸ್ವಚ್ಛ ಕ್ಯಾನ್ ಇದ್ದರೆ, ಪಂಪಿನ ಒಂದು ಬೋಲ್ಟನ್ನೂ ಸಡಿಲಿಸದೆ ದೋಷದ ಸ್ಥಾನವನ್ನು ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಗುರುತಿಸಬಹುದು.

ಇಲ್ಲಿ ವಿವರಿಸಿರುವ ಕ್ರಮವು ಯಾಂತ್ರಿಕ ಪಂಪ್ ಇರುವ ಹಳೆಯ ಡೀಸೆಲ್ ವಾಹನಗಳಿಗೆ ಅನ್ವಯಿಸುತ್ತದೆ. 2005ರಲ್ಲಿ ಮಾರುಕಟ್ಟೆಗೆ ಬಂದ, 702 ಸಿ.ಸಿ. ಸಾಮರ್ಥ್ಯದ ಎರಡು ಸಿಲಿಂಡರಿನ ಟಾಟಾ ಏಸ್‌ನ ಮೊದಲ ವರ್ಷಗಳ ವಾಹನಗಳೂ, ಅದಕ್ಕಿಂತ ಹಳೆಯ ದೊಡ್ಡ ಪಿಕಪ್‌ಗಳೂ ಈ ಗುಂಪಿಗೆ ಸೇರುತ್ತವೆ. ಕಾಮನ್ ರೈಲ್ ವಾಹನಗಳ ವಿಷಯ ಬೇರೆ. ಅದನ್ನು ಮುಂದೆ ಹೇಳಲಾಗಿದೆ.

ನಿಂತ ರೀತಿಯೇ ಮೊದಲ ಸಾಕ್ಷಿ

ಡೀಸೆಲ್ ಟ್ಯಾಂಕಿನಿಂದ ಹೊರಟು ಜಾಲರಿ, ನೀರು ಬೇರ್ಪಡಿಸುವ ಬಟ್ಟಲು, ಫೀಡ್ ಪಂಪ್ ಮತ್ತು ಫಿಲ್ಟರ್ ದಾಟಿ ಇಂಜೆಕ್ಷನ್ ಪಂಪನ್ನು ತಲುಪುತ್ತದೆ. ಅಲ್ಲಿಂದ ಅಧಿಕ ಒತ್ತಡದಲ್ಲಿ ನಾಝಲ್‌ಗಳಿಗೆ ಹೋಗುತ್ತದೆ. ಮಿಕ್ಕದ್ದು ಇನ್ನೊಂದು ಪೈಪಿನಿಂದ ಟ್ಯಾಂಕಿಗೆ ಮರಳುತ್ತದೆ. ಕೆಲವು ರೋಟರಿ ಪಂಪುಗಳಿಗೆ ಪ್ರತ್ಯೇಕ ಫೀಡ್ ಪಂಪ್ ಇರುವುದಿಲ್ಲ. ಅವು ತಮ್ಮೊಳಗಿನ ಚಕ್ರದಿಂದಲೇ ಟ್ಯಾಂಕಿನಿಂದ ಎಳೆದುಕೊಳ್ಳುತ್ತವೆ. ಅಂದಹಾಗೆ, ಈ ಭಾಗವನ್ನು ಹಳೆಯ ಮೆಕ್ಯಾನಿಕ್‌ಗಳು ಯಾವ ಕಂಪನಿಯದಾದರೂ ‘ಮೈಕೊ ಪಂಪ್’ ಎಂದೇ ಕರೆಯುತ್ತಾರೆ. ಬೆಂಗಳೂರಿನಲ್ಲಿ 1951ರಲ್ಲಿ ಸ್ಥಾಪನೆಯಾದ ಮೈಕೊ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡರೂ ಗ್ಯಾರೇಜುಗಳ ಭಾಷೆ ಬದಲಾಗಿಲ್ಲ.

ಈ ಮಾರ್ಗದಲ್ಲಿ ಡೀಸೆಲ್ ಕೊರತೆಯಾದರೆ ಎಂಜಿನ್ ಒಮ್ಮೆಲೇ ಸಾಯುವುದಿಲ್ಲ. ಮೊದಲು ಎಳೆತ ಕಡಿಮೆಯಾಗುತ್ತದೆ, ಏರಿನಲ್ಲಿ ಮುಗ್ಗರಿಸುತ್ತದೆ, ಉಸಿರು ಕಟ್ಟಿದಂತೆ ಕೆಮ್ಮಿ ಕೆಮ್ಮಿ ನಿಲ್ಲುತ್ತದೆ. ವಿದ್ಯುತ್ ಕಡಿತವಾದರೆ ಹಾಗಲ್ಲ. ಅನೇಕ ಪಂಪುಗಳ ಮೇಲೆ ‘ಕಟ್‌ಆಫ್’ ಎಂದು ಕರೆಯಲಾಗುವ ಸೊಲೆನಾಯ್ಡ್ ಒಂದಿರುತ್ತದೆ. ಕೀಲಿ ತಿರುಗಿಸಿದಾಗ ಅದಕ್ಕೆ 12 ವೋಲ್ಟ್ ಬಂದು ಡೀಸೆಲ್ ದಾರಿ ತೆರೆಯುತ್ತದೆ. ವಿದ್ಯುತ್ ತಪ್ಪಿದ ಕ್ಷಣವೇ ದಾರಿ ಮುಚ್ಚುತ್ತದೆ. ಆಗ ಯಾರೋ ಕೀಲಿ ತಿರುಗಿಸಿದಂತೆ ಎಂಜಿನ್ ಥಟ್ಟನೆ ನಿಲ್ಲುತ್ತದೆ. ರಸ್ತೆ ಉಬ್ಬಿನ ಮೇಲೆ ಕುಲುಕಿದಾಗ ನಿಂತು ಮರುಗಳಿಗೆ ಆರಂಭವಾಗುವ ವಾಹನದಲ್ಲಿ ಸಡಿಲ ತಂತಿಯನ್ನು ಹುಡುಕಬೇಕೇ ಹೊರತು ಪಂಪನ್ನಲ್ಲ. ಎಳೆಯುವ ಕೇಬಲ್‌ನಿಂದ ಎಂಜಿನ್ ನಿಲ್ಲಿಸುವ ಇನ್ನೂ ಹಳೆಯ ವಾಹನಗಳಲ್ಲಿ ಈ ಸೊಲೆನಾಯ್ಡ್ ಇರುವುದಿಲ್ಲ. ಅಲ್ಲಿ ಕೇಬಲ್ ಅರ್ಧಕ್ಕೇ ಸಿಕ್ಕಿಕೊಂಡಿದೆಯೇ ಎಂದು ನೋಡಿದರೆ ಸಾಕು.

ಆದ್ದರಿಂದ ಮಾಲೀಕನು ಚಾಲಕನನ್ನು ಕೇಳಬೇಕಾದ ಮೊದಲ ಪ್ರಶ್ನೆ ‘ಹೇಗೆ ನಿಂತಿತು?’ ಎಂಬುದು. ‘ಪಿಕಪ್ಪಿಗೆ ಪಿಕಪ್ ಇಲ್ಲ’ ಎಂಬ ಚಾಲಕರ ಮಾತು ನಗೆ ತರಿಸಬಹುದಾದರೂ ಅದರಲ್ಲಿ ಮಾಹಿತಿ ಇದೆ: ಎಳೆತ ನಿಧಾನವಾಗಿ ಕುಸಿಯಿತು ಎಂದರ್ಥ.

ಎರಡನೆಯ ಸಾಕ್ಷಿ ಹೊಗೆ. ಸೆಲ್ಫ್ ಹೊಡೆದಾಗ ಎಂಜಿನ್ ಚೆನ್ನಾಗಿ ತಿರುಗುತ್ತಿದ್ದು ಸೈಲೆನ್ಸರಿನಿಂದ ಹೊಗೆಯೇ ಬಾರದಿದ್ದರೆ ಡೀಸೆಲ್ ಸಿಲಿಂಡರಿಗೆ ತಲುಪುತ್ತಿಲ್ಲ. ಬಿಳಿ ಅಥವಾ ಬೂದು ಹೊಗೆ ಬರುತ್ತಿದ್ದರೆ ಡೀಸೆಲ್ ತಲುಪುತ್ತಿದೆ, ಆದರೆ ಉರಿಯುತ್ತಿಲ್ಲ. ಆಗ ಹೀಟರ್ ಪ್ಲಗ್, ತಿರುಗುವ ವೇಗ ಮತ್ತು ಕಂಪ್ರೆಶನ್ ಕಡೆ ಗಮನ ಹರಿಸಬೇಕು. ಓಡುವಾಗ ಎಳೆತ ಕಡಿಮೆಯಾಗಿ ಕಪ್ಪು ಹೊಗೆ ಬರುತ್ತಿದ್ದರೆ ಎಂಜಿನ್ನಿಗೆ ಗಾಳಿ ಸಾಲುತ್ತಿಲ್ಲವೆಂದು ಮೊದಲು ಶಂಕಿಸಬೇಕು. ಕಲ್ಲಿನ ಪುಡಿ ಮತ್ತು ಸಿಮೆಂಟ್ ಧೂಳಿನ ನಡುವೆ ಓಡಾಡುವ ವಾಹನದ ಏರ್ ಫಿಲ್ಟರ್ ಬೇರೆಡೆಗಿಂತ ಬೇಗ ಕಟ್ಟಿಕೊಳ್ಳುತ್ತದೆ. ಅದನ್ನು ತೆರೆದು ನೋಡದೆ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಕಡಿಮೆ ಮಾಡಿಸುವುದು ಒಂದು ದೋಷದ ಮೇಲೆ ಇನ್ನೊಂದನ್ನು ಹೇರಿದಂತೆ.

ಒಂದು ಪ್ರಕರಣದ ವಿಶ್ಲೇಷಣೆ

ಹೆಚ್ಚು ಗೊಂದಲ ಹುಟ್ಟಿಸುವ ಸಂದರ್ಭವೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಏಪ್ರಿಲ್ ತಿಂಗಳು, ನಲವತ್ತು ಡಿಗ್ರಿ ದಾಟಿದ ಬಿಸಿಲು. ಶಹಾಬಾದಿನಿಂದ ಫರ್ಸಿ ತುಂಬಿದ ಪಿಕಪ್ ಚಿಂಚೋಳಿಗೆ ಹೊರಟಿದೆ. ವಾಡಿ, ಚಿತ್ತಾಪುರದವರೆಗೆ ತೊಂದರೆಯಿಲ್ಲ. ಸೇಡಂ ಸಮೀಪಿಸುವಾಗ ಎಳೆತ ಕಡಿಮೆಯಾಗಿ ನಿಲ್ಲುತ್ತದೆ. ಹದಿನೈದು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಆರಂಭವಾಗುತ್ತದೆ. ಸುಲೇಪೇಟ ತಲುಪುವಷ್ಟರಲ್ಲಿ ಮತ್ತೆ ಅದೇ ಕಥೆ. ‘ಬಿಸಿಗೆ ಪಂಪ್ ಜಾಮ್ ಆಗುತ್ತಿದೆ’ ಎಂದು ಹೇಳುವವರು ಅನೇಕರು.

ಈ ಲಕ್ಷಣವನ್ನು ಹುಟ್ಟಿಸಬಲ್ಲ ಅಗ್ಗದ ಕಾರಣಗಳು ಮೂರಿವೆ. ಮೊದಲನೆಯದು ಟ್ಯಾಂಕಿನ ಮುಚ್ಚಳ. ಡೀಸೆಲ್ ಹೊರಹೋದಷ್ಟೂ ಒಳಗೆ ಗಾಳಿ ಬರಬೇಕು. ಅದಕ್ಕೆ ಮುಚ್ಚಳದಲ್ಲಿ ಅಥವಾ ಟ್ಯಾಂಕಿನ ಮೇಲಿನ ಸಣ್ಣ ಕೊಳವೆಯಲ್ಲಿ ರಂಧ್ರವಿರುತ್ತದೆ. ನುಣ್ಣನೆಯ ಕಲ್ಲಿನ ಪುಡಿ ಡೀಸೆಲ್ ತೇವದೊಂದಿಗೆ ಸೇರಿ ಅಲ್ಲಿ ಗಾರೆಯಂತೆ ಕೂರುತ್ತದೆ. ಅರ್ಧ ಗಂಟೆ ಓಡಿದ ಮೇಲೆ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಪಂಪಿಗೆ ಎಳೆಯಲಾಗುವುದಿಲ್ಲ. ನಿಂತಾಗ ಗಾಳಿ ನಿಧಾನವಾಗಿ ಒಳಸೇರಿ ವಾಹನ ಮತ್ತೆ ಸಿದ್ಧವಾಗುತ್ತದೆ. ಪರೀಕ್ಷೆ ಸರಳ: ನಿಂತ ಕೂಡಲೇ ಮುಚ್ಚಳ ತೆರೆಯಬೇಕು. ‘ಸುಯ್’ ಎಂದು ಗಾಳಿ ಒಳನುಗ್ಗಿದ ಸದ್ದು ಬಂದು ಎಂಜಿನ್ ಆರಂಭವಾದರೆ ಕಾರಣ ಸಿಕ್ಕಿತು. ದುರಸ್ತಿಗೆ ಒಂದು ಸೂಜಿ ಸಾಕು.

ಎರಡನೆಯದು ಟ್ಯಾಂಕಿನೊಳಗಿನ ಕಸ. ಡ್ರಮ್ಮಿನ ತಳದಿಂದ ಬಂದ ತುಕ್ಕು, ಬಟ್ಟೆಯ ಎಳೆ, ಮುಚ್ಚಳದ ಬದಲು ತುರುಕಿದ ಪ್ಲಾಸ್ಟಿಕ್‌ನ ಚೂರು ತೇಲುತ್ತಿದ್ದು ಎಳೆತಕ್ಕೆ ಸಿಕ್ಕಿ ಕೊಳವೆಯ ಬಾಯಿಗೆ ಅಂಟುತ್ತವೆ. ಎಂಜಿನ್ ನಿಂತಾಗ ಎಳೆತ ತಪ್ಪಿ ಕೆಳಗೆ ಬೀಳುತ್ತವೆ. ಇಲ್ಲಿ ಕೈಪಂಪ್ ಅಂದರೆ ಪ್ರೈಮರ್ ಸಹಾಯಕ್ಕೆ ಬರುತ್ತದೆ. ರಬ್ಬರ್ ಬುಗ್ಗೆಯ ಪ್ರೈಮರ್ ಇದ್ದರೆ, ಒತ್ತಿದ ಮೇಲೆ ಅದು ಉಬ್ಬದೆ ಚಪ್ಪಟೆಯಾಗಿಯೇ ಉಳಿದರೆ ಟ್ಯಾಂಕಿನ ಕಡೆ ಅಡಚಣೆಯಿದೆ. ಎಷ್ಟು ಒತ್ತಿದರೂ ಗಟ್ಟಿಯಾಗದೆ ಮೆತ್ತಗಿದ್ದರೆ ಎಲ್ಲೋ ಗಾಳಿ ಸೇರುತ್ತಿದೆ.

ಮೂರನೆಯದು ಕಟ್‌ಆಫ್ ಸೊಲೆನಾಯ್ಡ್. ಹಳೆಯದಾದ ಸುರುಳಿ ತಣ್ಣಗಿರುವಾಗ ಕೆಲಸ ಮಾಡಿ ಎಂಜಿನ್ನಿನ ಕಾವಿಗೆ ಒಳಗೇ ಸಂಪರ್ಕ ಬಿಡುವುದುಂಟು. ವಾಹನ ನಿಂತ ಸ್ಥಿತಿಯಲ್ಲೇ ಕೀಲಿಯನ್ನು ತಿರುಗಿಸಿ ಸೊಲೆನಾಯ್ಡ್‌ನ ತುದಿಗೆ ಟೆಸ್ಟ್ ಲ್ಯಾಂಪ್ ಹಿಡಿಯಬೇಕು. ದೀಪ ಉರಿದು, ತಂತಿ ತೆಗೆದು ತಾಗಿಸಿದಾಗ ‘ಟಕ್’ ಸದ್ದು ಬಾರದಿದ್ದರೆ ಸೊಲೆನಾಯ್ಡ್ ಕೆಟ್ಟಿದೆ. ದೀಪವೇ ಉರಿಯದಿದ್ದರೆ ಫ್ಯೂಸ್, ಕೀಲಿ ಸ್ವಿಚ್ ಅಥವಾ ತಂತಿ ದೋಷ. ಇಲ್ಲಿ ಮಲ್ಟಿಮೀಟರ್‌ಗಿಂತ ದೀಪವೇ ಹೆಚ್ಚು ನಂಬಲರ್ಹ. ಒಂದೇ ಎಳೆ ಉಳಿದ ತಂತಿಯ ಮೂಲಕವೂ ಮೀಟರ್ 12 ವೋಲ್ಟ್ ತೋರಿಸುತ್ತದೆ. ದೀಪಕ್ಕೆ ನಿಜವಾದ ವಿದ್ಯುತ್ ಹರಿಯಬೇಕಾದ್ದರಿಂದ ಅದು ಮಂಕಾಗಿ ಸತ್ಯ ಹೇಳುತ್ತದೆ. ಬ್ಯಾಟರಿಯಿಂದ ಫ್ಯೂಸ್ ಇರುವ ಪ್ರತ್ಯೇಕ ತಂತಿ ಎಳೆದು ಸೊಲೆನಾಯ್ಡ್‌ಗೆ ನೇರವಾಗಿ ಕೊಟ್ಟು ಓಡಿಸಿ ನೋಡುವುದೂ ಉಂಟು. ಆದರೆ ಹಾಗೆ ಕೊಟ್ಟಾಗ ಕೀಲಿಯಿಂದ ಎಂಜಿನ್ ನಿಲ್ಲುವುದಿಲ್ಲವೆಂಬುದನ್ನು ಚಾಲಕನಿಗೆ ತಿಳಿಸಿರಬೇಕು. ಆ ತಂತಿಯನ್ನು ಕಾಯಂ ವ್ಯವಸ್ಥೆಯಾಗಿ ಬಿಡಕೂಡದು.

ಕ್ಯಾನ್ ಪರೀಕ್ಷೆ

ಡೀಸೆಲ್ ಮಾರ್ಗದ ಸಂಶಯಗಳನ್ನೆಲ್ಲ ಒಮ್ಮೆಗೇ ತೀರಿಸುವುದು ಕ್ಯಾನ್ ಪರೀಕ್ಷೆ. ಟ್ಯಾಂಕಿನಿಂದ ಬರುವ ಪೈಪನ್ನು ಫಿಲ್ಟರಿನ ಮುಂಚೆ ಬಿಚ್ಚಿ, ಸ್ವಚ್ಛ ಡೀಸೆಲ್ ತುಂಬಿದ ಕ್ಯಾನಿನಿಂದ ಪಾರದರ್ಶಕ ಪೈಪಿನ ಮೂಲಕ ನೇರವಾಗಿ ಕೊಡಲಾಗುತ್ತದೆ. ಕ್ಯಾನನ್ನು ಎಂಜಿನ್‌ಗಿಂತ ಎತ್ತರದಲ್ಲಿ, ಸೈಲೆನ್ಸರಿನ ಕಾವಿನಿಂದ ದೂರ ಭದ್ರವಾಗಿ ಕಟ್ಟಬೇಕು. ಮರಳುವ ಪೈಪನ್ನೂ ಕ್ಯಾನಿಗೇ ಬಿಡಬೇಕು. ಅದನ್ನು ಮರೆತರೆ ಕ್ಯಾನಿನ ಡೀಸೆಲ್ ಟ್ಯಾಂಕಿಗೆ ಹರಿದು ಬೇಗ ಖಾಲಿಯಾಗುತ್ತದೆ, ಎಂಜಿನ್ ನಿಲ್ಲುತ್ತದೆ, ಪರೀಕ್ಷೆ ಮಾಡಿದವರು ಪಂಪನ್ನೇ ದೂರುತ್ತಾರೆ. ಈ ಸ್ಥಿತಿಯಲ್ಲಿ ಎಂಜಿನ್ ಚೆನ್ನಾಗಿ ಓಡಿದರೆ ದೋಷ ಟ್ಯಾಂಕಿಗೂ ಫಿಲ್ಟರಿಗೂ ನಡುವೆ ಇದೆ; ಇಂಜೆಕ್ಷನ್ ಪಂಪ್ ನಿರ್ದೋಷಿ.

ಪಾರದರ್ಶಕ ಪೈಪಿಗೆ ಇನ್ನೊಂದು ಉಪಯೋಗವಿದೆ. ಅದನ್ನು ಫಿಲ್ಟರ್ ಮತ್ತು ಪಂಪಿನ ನಡುವೆ ತಾತ್ಕಾಲಿಕವಾಗಿ ಜೋಡಿಸಿ ಟ್ಯಾಂಕಿನ ಡೀಸೆಲ್‌ನಲ್ಲೇ ಎಂಜಿನ್ ಓಡಿಸಿದರೆ ಗುಳ್ಳೆಗಳು ಕಣ್ಣಿಗೆ ಕಾಣುತ್ತವೆ. ಟ್ಯಾಂಕಿನಿಂದ ಎಳೆಯುವ ಭಾಗದಲ್ಲಿ ಸೋರಿಕೆಯಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಸೇರುತ್ತದೆ. ಆದಕಾರಣ ನೆಲ ಒಣಗಿದೆ ಎಂಬ ಮಾತ್ರಕ್ಕೆ ಸೋರಿಕೆಯಿಲ್ಲವೆಂದು ಭಾವಿಸಬಾರದು. ರಾತ್ರಿ ನಿಂತ ವಾಹನ ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆದರೆ ಮಾತ್ರ ಆರಂಭವಾಗಿ, ಆಮೇಲೆ ದಿನವಿಡೀ ಸರಿಯಾಗಿ ಓಡುವುದು ಇದರ ಗುರುತು: ರಾತ್ರಿಯಲ್ಲಿ ಡೀಸೆಲ್ ಟ್ಯಾಂಕಿಗೆ ಹಿಂದಕ್ಕೆ ಇಳಿದಿರುತ್ತದೆ. ಸಂಧಿಗಳ ತಾಮ್ರದ ವಾಷರ್, ಬಿಸಿಲಿಗೆ ಬಿರಿದ ರಬ್ಬರ್ ಪೈಪು, ಪ್ರೈಮರಿನ ಹಳೆಯ ಸೀಲ್ ಇವು ಸಾಮಾನ್ಯ ಅಪರಾಧಿಗಳು. ಒಮ್ಮೆ ಬಳಸಿ ಚಪ್ಪಟೆಯಾದ ತಾಮ್ರದ ವಾಷರನ್ನು ಮತ್ತೆ ಹಾಕುವ ಅಭ್ಯಾಸ ಕೆಲವೇ ರೂಪಾಯಿ ಉಳಿಸಿ ದಿನಗಟ್ಟಲೆ ಕೆಲಸ ಕೆಡಿಸುತ್ತದೆ.

ಸೇರಿದ ಗಾಳಿಯನ್ನು ತೆಗೆಯಲು ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಪ್ರೈಮರ್ ಒತ್ತಿ, ಡೀಸೆಲ್ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಯಬೇಕು. ನಂತರವೂ ಆರಂಭವಾಗದಿದ್ದರೆ ನಾಝಲ್ ಪೈಪಿನ ನಟ್‌ಗಳನ್ನು ಒಂದು ಸುತ್ತು ಸಡಿಲಿಸಿ ಸೆಲ್ಫ್ ಹೊಡೆಯಲಾಗುತ್ತದೆ. ಕೈಯನ್ನಾಗಲಿ ಮುಖವನ್ನಾಗಲಿ ಹತ್ತಿರ ಒಯ್ಯಕೂಡದು. ಸೂಜಿಯಂತೆ ಚಿಮ್ಮುವ ಡೀಸೆಲ್ ಚರ್ಮದೊಳಕ್ಕೆ ಹೋಗಬಲ್ಲದು; ಹೊರಗೆ ಚುಕ್ಕೆಯಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಗಾಯವದು. ಕಾಮನ್ ರೈಲ್ ವಾಹನಗಳಲ್ಲಿ ಒತ್ತಡ ಸಾವಿರ ಬಾರ್ ಮೀರುವುದರಿಂದ ಅಲ್ಲಿ ಪೈಪಿನ ನಟ್ ಸಡಿಲಿಸುವ ಈ ವಿಧಾನವನ್ನು ಯಾವ ಕಾರಣಕ್ಕೂ ಅನುಸರಿಸಬಾರದು. ಅವುಗಳನ್ನು ಸ್ಕ್ಯಾನರ್ ಇರುವ ಕಾರ್ಯಾಗಾರಕ್ಕೇ ಒಯ್ಯಬೇಕು.

ನೀರಿನ ವಿಷಯದಲ್ಲಿ ಒಂದು ಮಾತು. ಜನರೇಟರ್ ಮತ್ತು ಕಲ್ಲು ಕೊಯ್ಯುವ ಯಂತ್ರಗಳಿಗೆಂದು ತಂದಿಟ್ಟ ಡ್ರಮ್ಮಿನಿಂದಲೇ ವಾಹನಕ್ಕೂ ಡೀಸೆಲ್ ಹಾಕುವ ಘಟಕಗಳಿವೆ. ನೀರು ಡೀಸೆಲ್‌ಗಿಂತ ಭಾರವಾದ್ದರಿಂದ ತಳದಲ್ಲಿ ನಿಲ್ಲುತ್ತದೆ. ಪೈಪನ್ನು ತಳಕ್ಕೆ ಮುಟ್ಟಿಸಿ ಎಳೆದರೆ ಮೊದಲು ಬರುವುದು ಅದೇ. ಡ್ರಮ್ಮನ್ನು ಅಲುಗಿಸದೆ, ತಳದ ಮೂರು ನಾಲ್ಕು ಅಂಗುಲ ಬಿಟ್ಟು ತೆಗೆಯಬೇಕು. ಮಳೆಗಾಲದಲ್ಲಿ ಮಳಖೇಡದ ಬಳಿ ಕಾಗಿಣಾ ಉಕ್ಕಿ ಸೇತುವೆ ಮುಳುಗುವುದುಂಟು. ಇಂಥ ದಿನಗಳಲ್ಲಿ ಹಳ್ಳದ ನೀರಿನಲ್ಲಿ ಹಾದುಬಂದ ವಾಹನದ ನೀರು ಬೇರ್ಪಡಿಸುವ ಬಟ್ಟಲನ್ನು ಅದೇ ದಿನ ಬರಿದು ಮಾಡುವುದು ಕ್ಷೇಮ. ಇಂಜೆಕ್ಷನ್ ಪಂಪಿನ ಒಳಭಾಗಗಳ ನಡುವಿನ ಅಂತರ ಮಿಲಿಮೀಟರಿನ ಸಾವಿರದ ಕೆಲವೇ ಭಾಗದಷ್ಟು. ರೋಟರಿ ಪಂಪುಗಳಲ್ಲಿ ಆ ಭಾಗಗಳಿಗೆ ಡೀಸೆಲ್ ಬಿಟ್ಟು ಬೇರೆ ಎಣ್ಣೆ ಇರುವುದಿಲ್ಲ. ನೀರು ಅಥವಾ ಸೀಮೆಎಣ್ಣೆ ಬೆರೆತ ಡೀಸೆಲ್ ಅವುಗಳನ್ನು ಸವೆಸುವುದು ಇದೇ ಕಾರಣಕ್ಕೆ.

ಅರ್ಥಿಂಗ್ ಎಂಬ ಮರೆತ ತಂತಿ

ಸೆಲ್ಫ್ ನಿಧಾನವಾಗಿ ತಿರುಗಿದರೆ ಡೀಸೆಲ್ ಎಂಜಿನ್ನಿನಲ್ಲಿ ಉರಿಯಲು ಬೇಕಾದ ಕಾವು ಹುಟ್ಟುವುದಿಲ್ಲ. ಬಿಳಿ ಹೊಗೆ ಬಂದು ನಿಲ್ಲುತ್ತದೆ. ನೋಡುವವರಿಗೆ ಪಂಪ್ ದೋಷದಂತೆಯೇ ಕಾಣುತ್ತದೆ. ಆಗ ಹೊಸ ಬ್ಯಾಟರಿ ಕೊಳ್ಳುವ ಮುನ್ನ ಅಳತೆ ಮಾಡಬೇಕು. ರಾತ್ರಿ ನಿಂತ ವಾಹನದ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ಣ, 12.2 ಎಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಎಂಜಿನ್ ಓಡುವಾಗ 13.8ರಿಂದ 14.4ರ ನಡುವೆ ಇದ್ದರೆ, ಗ್ಯಾರೇಜಿನಲ್ಲಿ ಡೈನಮೊ ಎನ್ನಲಾಗುವ ಆಲ್ಟರ್ನೇಟರ್ ಸರಿಯಾಗಿ ಚಾರ್ಜ್ ಮಾಡುತ್ತಿದೆ. ಚಾರ್ಜಿಂಗ್ ಪರೀಕ್ಷಿಸಲು ಓಡುವ ಎಂಜಿನ್ನಿನಲ್ಲಿ ಬ್ಯಾಟರಿ ತಂತಿ ಕಳಚಿ ನೋಡುವ ಪದ್ಧತಿಯಿಂದ ಡಯೋಡುಗಳು ಸುಡುತ್ತವೆ, ಅದನ್ನು ನಿಲ್ಲಿಸಬೇಕು.

ಬ್ಯಾಟರಿ ಚೆನ್ನಾಗಿದ್ದೂ ಸೆಲ್ಫ್ ಸೋಮಾರಿಯಾದರೆ ಅರ್ಥಿಂಗ್ ಪಟ್ಟಿಯನ್ನು ಪರೀಕ್ಷಿಸಬೇಕು. ಎಂಜಿನ್ನಿನಿಂದ ಚಾಸಿಗೆ, ಚಾಸಿಯಿಂದ ಬ್ಯಾಟರಿಯ ಋಣ ತುದಿಗೆ ಹೋಗುವ ಈ ಪಟ್ಟಿ ವಾಹನದ ಅಡಿಯಲ್ಲಿ ಧೂಳು, ಕೆಸರು ಮತ್ತು ತುಕ್ಕಿನ ನಡುವೆ ಇರುತ್ತದೆ. ಸೆಲ್ಫ್ ಸುಮಾರು 200 ಆಂಪಿಯರ್ ಎಳೆಯುತ್ತದೆ ಎಂದುಕೊಂಡರೆ, ತುಕ್ಕು ಹಿಡಿದ ಸಂಧಿಯಲ್ಲಿ ಓಮ್‌ನ ನೂರರಲ್ಲೊಂದು ಭಾಗ ಪ್ರತಿರೋಧವಿದ್ದರೂ 2 ವೋಲ್ಟ್ ಅಲ್ಲೇ ನಷ್ಟವಾಗುತ್ತದೆ. ಇಷ್ಟು ಸಣ್ಣ ಪ್ರತಿರೋಧವನ್ನು ಸಾಮಾನ್ಯ ಮೀಟರಿನ ಓಮ್ ಅಳತೆ ಹಿಡಿಯಲಾರದು. ಆದ್ದರಿಂದ ಸೆಲ್ಫ್ ಹೊಡೆಯುತ್ತಿರುವಾಗಲೇ ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಋಣ ಧ್ರುವಕ್ಕೂ ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೂ ಹಿಡಿದು ವೋಲ್ಟ್ ನೋಡಬೇಕು. 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಪಟ್ಟಿಯನ್ನು ಬಿಚ್ಚಿ, ಎರಡೂ ತುದಿಗಳನ್ನು ಎಮರಿ ಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಬಿಗಿದು, ಗ್ರೀಸ್ ಹಚ್ಚಬೇಕು. ಧನ ಧ್ರುವದಿಂದ ಸೆಲ್ಫ್‌ನ ದೊಡ್ಡ ಬೋಲ್ಟಿನವರೆಗೆ 0.5 ವೋಲ್ಟ್ ವರೆಗೆ ನಡೆಯುತ್ತದೆ.

ಬ್ಯಾಟರಿಯ ಮೇಲ್ಭಾಗವೂ ಇದೇ ರೀತಿ ಅಲಕ್ಷ್ಯಕ್ಕೆ ಗುರಿಯಾಗಿದೆ. ಮಳೆಗಾಲದಲ್ಲಿ ಅಲ್ಲಿ ಕುಳಿತ ತೇವದ ಧೂಳು ಎರಡು ಧ್ರುವಗಳ ನಡುವೆ ದಾರಿಯಾಗಿ ರಾತ್ರಿಯಿಡೀ ವಿದ್ಯುತ್ತನ್ನು ಸೋರಿಸುತ್ತದೆ. ತೊಗರಿಯ ಹಂಗಾಮು ಮುಗಿದ ಮೇಲೆ ವಾರಗಟ್ಟಲೆ ನಿಲ್ಲುವ ವಾಹನಗಳಲ್ಲಿ ಋಣ ತಂತಿಯನ್ನು ಕಳಚಿಡುವುದು ಉತ್ತಮ. ಮ್ಯೂಸಿಕ್ ಹಾರ್ನ್, ಟೇಪ್, ಹೆಚ್ಚುವರಿ ದೀಪಗಳು, ಜಿ.ಪಿ.ಎಸ್. ಸಾಧನ ಇವನ್ನು ಕೀಲಿಯ ಹಂಗಿಲ್ಲದೆ ನೇರವಾಗಿ ಬ್ಯಾಟರಿಗೆ ಜೋಡಿಸಿರುವುದೂ ಬ್ಯಾಟರಿ ಬರಿದಾಗಲು ಕಾರಣ. ಅದಕ್ಕಿಂತ ಅಪಾಯಕಾರಿಯಾದದ್ದು, ಪದೇ ಪದೇ ಹೋಗುವ ಫ್ಯೂಸಿನ ಬದಲು ತಂತಿಯನ್ನೋ ಸಿಗರೇಟಿನ ಬೆಳ್ಳಿ ಹಾಳೆಯನ್ನೋ ತುರುಕುವುದು. ಆಗ ಫ್ಯೂಸಿನ ಬದಲು ತಂತಿಯ ಕಟ್ಟೇ ಸುಡುತ್ತದೆ, ಡೀಸೆಲ್ ಪೈಪಿನ ಪಕ್ಕದಲ್ಲಿ.

ಪೆಟ್ರೋಲ್ ಅಥವಾ ಸಿ.ಎನ್‌.ಜಿ. ಪಿಕಪ್‌ಗಳಲ್ಲಿ ಪಂಪ್ ಟ್ಯಾಂಕಿನೊಳಗೇ ಇದ್ದು ವಿದ್ಯುತ್ತಿನಿಂದ ನಡೆಯುತ್ತದೆ. ಕೀಲಿ ತಿರುಗಿಸಿದ ಕೂಡಲೇ ಒಂದೆರಡು ಸೆಕೆಂಡು ಸಣ್ಣ ಗುಂಯ್‌ಗುಡುವ ಸದ್ದು ಕೇಳಬೇಕು. ಕೇಳಿಸದಿದ್ದರೆ ಫ್ಯೂಸ್ ನೋಡಿ, ನಂತರ ಅದೇ ನಮೂನೆಯ ಹಾರ್ನ್ ರಿಲೇಯನ್ನು ಪಂಪಿನ ರಿಲೇಯ ಜಾಗಕ್ಕೆ ಹಾಕಿ ನೋಡಬಹುದು. ಅನಿಲದಲ್ಲೇ ಓಡುತ್ತದೆಂದು ಪೆಟ್ರೋಲ್ ಟ್ಯಾಂಕನ್ನು ಬರಿದಾಗಿ ಇಡುವವರಿದ್ದಾರೆ. ಆ ಪಂಪಿಗೆ ತಂಪು ಸಿಗುವುದು ಪೆಟ್ರೋಲಿನಿಂದಲೇ. ಬರಿದಾದ ಟ್ಯಾಂಕಿನಲ್ಲಿ ಅದು ಸುಟ್ಟುಹೋಗುತ್ತದೆ.

ಪಂಪನ್ನು ನಿಜಕ್ಕೂ ಬಿಚ್ಚಬೇಕಾದಾಗ

ಗುಳ್ಳೆಯಿಲ್ಲದ ಡೀಸೆಲ್ ಪಂಪಿನ ಬಾಯಿಯವರೆಗೆ ಬಂದು, ಸೊಲೆನಾಯ್ಡ್ ಸದ್ದು ಮಾಡಿ, ಎಂಜಿನ್ ಚುರುಕಾಗಿ ತಿರುಗುತ್ತಿದ್ದೂ ಸಡಿಲಿಸಿದ ನಾಝಲ್ ನಟ್‌ಗಳಲ್ಲಿ ಡೀಸೆಲ್ ಕಾಣದಿದ್ದರೆ ಪಂಪಿನ ಮೇಲೆ ಸಂಶಯಪಡಲು ಆಧಾರ ದೊರೆತಂತೆ. ಎಂಜಿನ್ ಆಯಿಲಿನ ಮಟ್ಟ ತಾನಾಗಿ ಏರುತ್ತ ಡೀಸೆಲ್ ವಾಸನೆ ಬರುವುದು ಇನ್ನೊಂದು ಗುರುತು. ತಣ್ಣಗಿರುವಾಗ ಸರಿಯಾಗಿ ಆರಂಭವಾಗುವ ರೋಟರಿ ಪಂಪಿನ ಎಂಜಿನ್, ಕುಂಚಾವರಂ ಏರಿನಂಥ ಕಡೆ ದುಡಿದು ಕಾದ ಮೇಲೆ ಆರಂಭವಾಗದಿದ್ದರೆ ಒಳಭಾಗ ಸವೆದಿರುವ ಸಂಭವವುಂಟು. ಕಾದ ಡೀಸೆಲ್ ತೆಳ್ಳಗಾಗಿ ಆ ಸವೆದ ಸಂದಿಯಲ್ಲಿ ಸೋರಿಹೋಗುತ್ತದೆ. ನಿಂತ ಎಂಜಿನ್ನಿನ ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ, ತಣಿದ ಮೇಲೆ ಆರಂಭವಾದರೆ ಸಂಶಯ ಬಲವಾಗುತ್ತದೆ.

ಆಗ ಪಂಪನ್ನು ಬಿಚ್ಚುವ ಮುನ್ನ ಅದರ ಮತ್ತು ಎಂಜಿನ್ನಿನ ಅಂಚಿನ ಮೇಲೆ ಒಂದೇ ಗೆರೆ ಕೊರೆಸಿ ಟೈಮಿಂಗ್ ಗುರುತು ಉಳಿಸಿಕೊಳ್ಳಬೇಕು. ದುರಸ್ತಿ ಮಾಡುವವರಿಂದ ಪ್ರತಿ ಸಿಲಿಂಡರಿಗೆ ಹೋಗುವ ಡೀಸೆಲ್ ಪ್ರಮಾಣದ ಬೆಂಚ್ ಅಳತೆಯನ್ನು, ದುರಸ್ತಿಗೆ ಮುಂಚಿನದು ಮತ್ತು ನಂತರದ್ದು ಎರಡನ್ನೂ, ಬರಹದಲ್ಲಿ ಕೇಳಬೇಕು. ಬದಲಾಯಿಸಿದ ಹಳೆಯ ಭಾಗಗಳನ್ನು ಮರಳಿ ಪಡೆಯಬೇಕು. ಪಂಪ್ ಊರಿಂದ ಬರುವಷ್ಟರಲ್ಲಿ ಟ್ಯಾಂಕನ್ನು ಇಳಿಸಿ ತೊಳೆಸಿ, ಪೈಪುಗಳಿಗೆ ಗಾಳಿ ಹೊಡೆಸಿ, ಹೊಸ ಫಿಲ್ಟರ್ ಮತ್ತು ಹೊಸ ತಾಮ್ರದ ವಾಷರುಗಳನ್ನು ತರಿಸಿಟ್ಟಿರಬೇಕು. ಹಳೆಯ ಟ್ಯಾಂಕಿನ ತುಕ್ಕು ಹೊಸ ಎಲಿಮೆಂಟನ್ನು ಗೀರುವುದಕ್ಕೆ ಒಂದೇ ಟ್ರಿಪ್ ಸಾಕಾಗುತ್ತದೆ.